ಮೊಬೈಲ್ ಕೇಳದೆ ದಾರಿ ನೆನಪಿಡುವುದು ಹೇಗೆ? ಕಾರವಾರ–ಶಿರಸಿ ಸೀಮೆಯವರಿಗೊಂದು ಸಮಗ್ರ ಮಾರ್ಗದರ್ಶಿ

ಶಿರಸಿಯ ಐದು ರಸ್ತೆ ಸರ್ಕಲ್‌ನಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಮಂಗಳೂರು ಯಾವ ದಿಕ್ಕಿಗೆ? ಮ್ಯಾಪ್ ನೋಡಬೇಡಿ, ಸುಮ್ನೆ ಕೈ ತೋರಿಸಿ.

ಕೈ ನೈಋತ್ಯಕ್ಕೆ ಹೋಯಿತೇ? ಹೋಗುವುದು ಸಹಜ. ಮಂಗಳೂರು ಸಮುದ್ರದ ಊರು, ಶಿರಸಿ ಘಟ್ಟದ ಮೇಲಿನ ಊರು, ಸಮುದ್ರ ಇರುವುದು ಪಶ್ಚಿಮಕ್ಕೆ. ಹಾಗಾದರೆ ಮಂಗಳೂರು ಪಶ್ಚಿಮದ ಕಡೆಗೇ ಇರಬೇಕು, ಅಲ್ವಾ? ಇಲ್ಲ. ಎರಡೂ ಊರುಗಳು 74.8 ಡಿಗ್ರಿ ಪೂರ್ವ ರೇಖಾಂಶದ ಆಸುಪಾಸಿನಲ್ಲೇ ಇವೆ. ಶಿರಸಿಯಿಂದ ನೋಡಿದರೆ ಮಂಗಳೂರು ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ.

1978ರಲ್ಲಿ ಆಲ್ಬರ್ಟ್ ಸ್ಟೀವನ್ಸ್ ಮತ್ತು ಪ್ಯಾಟಿ ಕೂಪ್ ಎಂಬ ಸಂಶೋಧಕರು ಅಮೆರಿಕದಲ್ಲಿ ಇದೇ ಬಗೆಯ ಪ್ರಶ್ನೆ ಕೇಳಿದ್ದರು. ಸ್ಯಾನ್ ಡಿಯಾಗೋ ಕ್ಯಾಲಿಫೋರ್ನಿಯಾದ ಕರಾವಳಿ ನಗರ. ರೀನೋ ನೆವಾಡಾ ರಾಜ್ಯದ ಒಳನಾಡಿನ ಊರು. ಕ್ಯಾಲಿಫೋರ್ನಿಯಾ ಪಶ್ಚಿಮಕ್ಕಿದೆ, ಹಾಗಾಗಿ ಸ್ಯಾನ್ ಡಿಯಾಗೋ ಕೂಡ ರೀನೋದ ಪಶ್ಚಿಮಕ್ಕೆ ಎಂದು ಜನ ಹೇಳಿದರು. ನಿಜ ಉಲ್ಟಾ. ನಮ್ಮ ತಲೆ ಪ್ರತಿ ಊರಿನ ಜಾಗವನ್ನೂ ಬಿಡಿಬಿಡಿಯಾಗಿ ಬರೆದಿಟ್ಟುಕೊಳ್ಳುವುದಿಲ್ಲ. ಊರನ್ನು ಒಂದು ದೊಡ್ಡ ಪ್ರದೇಶದೊಳಗೆ ಸೇರಿಸಿಡುತ್ತದೆ. ಯಾರಾದರೂ ಕೇಳಿದಾಗ ಆ ಪ್ರದೇಶದ ದಿಕ್ಕನ್ನೇ ಊರಿಗೂ ಹಚ್ಚಿ ಉತ್ತರ ಕೊಡುತ್ತದೆ.

ಈ ಬರಹ ವರ್ಗವಾಗಿ ಬಂದ ಮೇಷ್ಟ್ರಿಗೆ, ಬ್ಯಾಂಕಿನವರಿಗೆ, ಪಾರ್ಸೆಲ್ ಹಂಚುವ ಹುಡುಗರಿಗೆ, ಮದುವೆಯಾಗಿ ಹೊಸ ಊರಿಗೆ ಬಂದವರಿಗೆ. ಇಲ್ಲೇ ಹುಟ್ಟಿ ಬೆಳೆದೂ ನೆಟ್‌ವರ್ಕ್ ಹೋದ ಕೂಡಲೇ ಕಂಗಾಲಾಗುವವರಿಗೂ ಹೌದು. ನನ್ನ ಮುಖ್ಯ ಮಾತು ಒಂದೇ. ಬರೀ ಓಡಾಡಿದರೆ ಊರು ತಲೆಗೆ ಹತ್ತುವುದಿಲ್ಲ. ಮೊದಲು ಊಹಿಸಬೇಕು, ಆಮೇಲೆ ಸರಿಯೋ ತಪ್ಪೋ ನೋಡಿಕೊಳ್ಳಬೇಕು. ಕೆಳಗಿನ ಎಲ್ಲ ಹೆಜ್ಜೆಗಳಲ್ಲೂ ಇರುವುದು ಈ ಅಭ್ಯಾಸವೇ.

ಬೇಕಾದ ಸಾಮಾನು: ಗೆರೆ ಇಲ್ಲದ ಒಂದು ನೋಟ್‌ಬುಕ್, ಪೆನ್ಸಿಲ್, ರಬ್ಬರ್. ಮೊಬೈಲ್ ಇರಲಿ, ಆದರೆ ಕಿಸೆಯಲ್ಲಿ. ಅದು ಉತ್ತರ ತಾಳೆ ನೋಡಲು ಮಾತ್ರ.

ಶುರು ಮಾಡುವ ಮೊದಲು: ತಲೆಯೊಳಗೆ ಏನು ನಡೆಯುತ್ತದೆ

1948ರಲ್ಲಿ ಎಡ್ವರ್ಡ್ ಟೋಲ್ಮನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ವಾದ ಮುಂದಿಟ್ಟರು. ಜಟಿಲ ಓಣಿಗಳಲ್ಲಿ ಓಡಾಡುವ ಇಲಿ ಬರೀ 'ಇಲ್ಲಿ ಎಡಕ್ಕೆ, ಅಲ್ಲಿ ಬಲಕ್ಕೆ' ಎಂದು ಕಲಿಯುವುದಿಲ್ಲ, ತಲೆಯಲ್ಲಿ ಒಂದು ನಕ್ಷೆಯನ್ನೇ ಕಟ್ಟಿಕೊಳ್ಳುತ್ತದೆ ಎಂದರು. 1971ರಲ್ಲಿ ಜಾನ್ ಓಕೀಫ್ ಇಲಿಯ ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ವಿಚಿತ್ರ ಕೋಶಗಳನ್ನು ಕಂಡರು. ಇಲಿ ಕೋಣೆಯ ಒಂದು ಮೂಲೆಗೆ ಹೋದಾಗ ಒಂದು ಕೋಶ ಚುರುಕಾಗುತ್ತಿತ್ತು, ಇನ್ನೊಂದು ಕಡೆ ಹೋದಾಗ ಮತ್ತೊಂದು. 2005ರಲ್ಲಿ ಮೈ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ತಂಡ ಪಕ್ಕದ ಭಾಗದಲ್ಲಿ ಇನ್ನೊಂದು ಬಗೆಯ ಕೋಶಗಳನ್ನು ಗುರುತಿಸಿತು. ಇವು ನೆಲದ ಮೇಲೆ ಸಮ ದೂರದಲ್ಲಿ ಚುಕ್ಕಿ ಇಟ್ಟ ಹಾಗೆ, ತ್ರಿಕೋನ ತ್ರಿಕೋನವಾಗಿ, ಗೊತ್ತಾದ ಜಾಗಗಳಲ್ಲಿ ಚುರುಕಾಗುತ್ತವೆ. ಮೂವರಿಗೂ 2014ರಲ್ಲಿ ನೊಬೆಲ್ ಬಂತು.

ನಮಗೆ ಬೇಕಾದ ಸಾರ ಇಷ್ಟು. ದಾರಿಯ ನೆನಪು ಎರಡು ಬಗೆ. ಒಂದು 'ನನ್ನಿಂದ' ಲೆಕ್ಕ: ಎಡ, ಬಲ, ಮುಂದೆ. ಇನ್ನೊಂದು 'ಜಾಗದಿಂದ ಜಾಗಕ್ಕೆ' ಲೆಕ್ಕ: ಕುಮಟಾದ ವಾಯವ್ಯಕ್ಕೆ ಗೋಕರ್ಣ. ಮೊದಲನೆಯದು ಬೇಗ ಬರುತ್ತದೆ, ಆದರೆ ನೀವು ತಿರುಗಿ ನಿಂತ ತಕ್ಷಣ ಕೆಡುತ್ತದೆ. ಎರಡನೆಯದು ನಿಧಾನಕ್ಕೆ ಬರುತ್ತದೆ, ಬಂದ ಮೇಲೆ ರಸ್ತೆ ಬಂದ್ ಆದರೂ ಕೈಬಿಡುವುದಿಲ್ಲ.

ನಿಮ್ಮ ಮನೆಯವರು ಯಾವ ಲೆಕ್ಕದವರು ಎಂದು ನೋಡುವ ಒಂದು ಆಟ ಇದೆ. ಮೇಜಿನ ಮೇಲೆ ಲೋಟ, ಚಮಚ, ಬಾಳೆಹಣ್ಣು ಸಾಲಾಗಿ ಇಡಿ. ಅದನ್ನು ನೋಡಿದವರು ಪೂರ್ತಿ ಹಿಂದಕ್ಕೆ ತಿರುಗಿ, ಇನ್ನೊಂದು ಮೇಜಿನ ಮೇಲೆ ಅದೇ ಸಾಲು ಜೋಡಿಸಲಿ. ಎಡಕ್ಕಿದ್ದದ್ದನ್ನು ಎಡಕ್ಕೇ ಇಟ್ಟರೆ ಅವರದು 'ನನ್ನಿಂದ' ಲೆಕ್ಕ. ಉತ್ತರಕ್ಕಿದ್ದದ್ದನ್ನು ಉತ್ತರಕ್ಕೇ ಇಟ್ಟರೆ 'ಜಾಗದ' ಲೆಕ್ಕ. ಮೆಕ್ಸಿಕೋದ ತೆನೆಹಾಪಾ ಎಂಬ ಬೆಟ್ಟದ ಊರಿನ ತ್ಸೆಲ್ಟಾಲ್ ಜನ ಇಂಥ ಆಟದಲ್ಲಿ ಎರಡನೇ ರೀತಿಯಲ್ಲಿ ಇಡುತ್ತಾರೆ. ಅವರಿಗೆ ದಿಕ್ಕು ಎಂದರೆ 'ಏರಿನ ಕಡೆ', 'ಇಳಿಜಾರಿನ ಕಡೆ'. ಸಪಾಟು ಮೇಜಿನ ಮೇಲಿನ ಸಾಮಾನಿಗೂ ಹಾಗೇ ಹೇಳುತ್ತಾರೆ. ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂದು ಲೋಕವನ್ನೇ ಎರಡು ಮಾಡಿರುವ ನಮಗೆ ಇದು ವಿಚಿತ್ರ ಅನಿಸಬಾರದು. 'ಮೂಡ ಬದಿಯ ಕಿಟಕಿ ಹಾಕು' ಎನ್ನುವ ಅಜ್ಜಿಯಂದಿರು ನಮ್ಮ ಹಳ್ಳಿ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಆಟಕ್ಕೆ ಕೂರಿಸಿ ನೋಡಿ.

ಹೆಜ್ಜೆ 1: ಜಿಲ್ಲೆಯ ಚೌಕಟ್ಟು ಬರೆಯಿರಿ

ಓಣಿಯಿಂದ ಶುರು ಮಾಡಬೇಡಿ. ಮೊದಲು ದೊಡ್ಡದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಕೆಲಸ ಬಯಲುಸೀಮೆಗಿಂತ ಸಲೀಸು. ಎಡಗಡೆ ಸಮುದ್ರ, ನಡುವೆ ಘಟ್ಟದ ಗೋಡೆ, ಅದನ್ನು ಸೀಳಿಕೊಂಡು ಪಶ್ಚಿಮಕ್ಕೆ ಬರುವ ಹೊಳೆಗಳು. ಇಷ್ಟು ಬಂದರೆ ಉಳಿದದ್ದನ್ನು ತೂಗುಹಾಕಲು ಗೂಟ ಸಿಕ್ಕಿದಂತೆ.

ಹಾಳೆಯ ಮೇಲೆ ದಂಡೆಯ ಗೆರೆ ಎಳೆಯಿರಿ. ಈಗ ಕಾರವಾರದಿಂದ ಭಟ್ಕಳಕ್ಕೆ ಹೆದ್ದಾರಿ 66 ದಾಟುವ ಮುಖ್ಯ ಹೊಳೆಗಳನ್ನು ಕ್ರಮವಾಗಿ ಅಡ್ಡ ಬರೆಯಿರಿ. ಕಾರವಾರದ ಉತ್ತರ ಅಂಚಿಗೆ ಕಾಳಿ. ಅಂಕೋಲಾ ದಾಟಿದ ಮೇಲೆ ಗಂಗಾವಳಿ. ಮಿರ್ಜಾನ ಕಳೆದು ಕುಮಟಾ ಬರುವ ಮೊದಲು ಅಘನಾಶಿನಿ. ಹೊನ್ನಾವರ ಬಿಟ್ಟ ಕೂಡಲೇ ಶರಾವತಿ. ಭಟ್ಕಳಕ್ಕೆ ಮುಂಚೆ ವೆಂಕಟಾಪುರ ಹೊಳೆ. ಬಸ್ಸಿನಲ್ಲಿ ನಿದ್ದೆ ಹೋಗಿ ಎಚ್ಚರವಾದಾಗ ಸೇತುವೆ ಮೇಲಿದ್ದರೆ, ಇದು ಎಷ್ಟನೇ ಹೊಳೆ ಎಂಬುದೇ ನಿಮ್ಮ ವಿಳಾಸ.

ಆಮೇಲೆ ಘಟ್ಟ ಹತ್ತುವ ದಾರಿಗಳು. ಕಾರವಾರ–ಜೋಯಿಡಾ ನಡುವೆ ಅಣಶಿ ಘಟ್ಟ. ಅಂಕೋಲಾ–ಯಲ್ಲಾಪುರ ನಡುವೆ ಅರಬೈಲ್ ಘಟ್ಟ. ಕುಮಟಾ–ಶಿರಸಿ ನಡುವೆ ದೇವಿಮನೆ ಘಟ್ಟ. ಕುಮಟಾ–ಸಿದ್ದಾಪುರ ನಡುವೆ ದೊಡ್ಮನೆ ಘಟ್ಟ. ನಿಮ್ಮ ನಕ್ಷೆ ಈಗ ಒಂದು ಏಣಿಯ ಹಾಗೆ ಕಾಣಬೇಕು. ಒಂದು ಕಂಬ ಹೆದ್ದಾರಿ, ಇನ್ನೊಂದು ಕಂಬ ಘಟ್ಟದ ಮೇಲಿನ ಊರುಗಳ ಸಾಲು, ಮೆಟ್ಟಿಲುಗಳು ಘಟ್ಟದ ರಸ್ತೆಗಳು.

ಈಗ ಮ್ಯಾಪ್ ತೆಗೆದು ತಾಳೆ ನೋಡಿ. ಒಂದು ತಪ್ಪು ಖಂಡಿತ ಕಾಣುವ ಸಾಧ್ಯತೆ ಇದೆ: ನಿಮ್ಮ ದಂಡೆ ನೆಟ್ಟಗೆ ಉತ್ತರ-ದಕ್ಷಿಣವಾಗಿ ನಿಂತಿರುತ್ತದೆ. ನಿಜವಾದ ದಂಡೆ ಓರೆ. ಕಾರವಾರದಿಂದ ಭಟ್ಕಳಕ್ಕೆ ದಕ್ಷಿಣಕ್ಕೆ ಸುಮಾರು 90 ಕಿ.ಮೀ. ಇಳಿಯುವಷ್ಟರಲ್ಲಿ ಪೂರ್ವಕ್ಕೂ ಸುಮಾರು 45 ಕಿ.ಮೀ. ಸರಿದಿರುತ್ತೇವೆ. ಓರೆ ಇರುವುದನ್ನೆಲ್ಲ ಮನಸ್ಸು ನೆಟ್ಟಗೆ ಮಾಡುತ್ತದೆ ಎಂದು ಬಾರ್ಬರಾ ಟ್ವೆರ್ಸ್ಕಿ 1981ರಲ್ಲಿ ತೋರಿಸಿದರು. ದಕ್ಷಿಣ ಅಮೆರಿಕ ಉತ್ತರ ಅಮೆರಿಕದ ನೇರ ಕೆಳಗಿದೆ ಎಂದು ಜನ ನೆನಪಿಟ್ಟುಕೊಂಡಿರುತ್ತಾರೆ. ಅದು ಎಷ್ಟೋ ಪೂರ್ವಕ್ಕಿದೆ. ಮಂಗಳೂರಿನ ಪ್ರಶ್ನೆಯಲ್ಲಿ ಕೈ ತಪ್ಪಿದ್ದಕ್ಕೆ ಈ ಓರೆಯೂ ಒಂದು ಕಾರಣ.

ಇನ್ನೊಂದು ತಾಳೆ: ಶಿರಸಿಯವರಿಗೆ ಸಮುದ್ರ ಎಂದರೆ ಕುಮಟಾ, ಹಾಗಾಗಿ ಕುಮಟಾ ನೇರ ಪಶ್ಚಿಮಕ್ಕೆ ಎಂಬ ಭಾವನೆ. ನೇರ ಪಶ್ಚಿಮಕ್ಕೆ ಇರುವುದು ಅಂಕೋಲಾ. ಕುಮಟಾ ಅದಕ್ಕಿಂತ ಸಾಕಷ್ಟು ದಕ್ಷಿಣಕ್ಕಿದೆ.

ತಪ್ಪಿದ ಜಾಗವನ್ನು ರಬ್ಬರಿನಿಂದ ಅಳಿಸಿ ಸರಿ ಮಾಡಬೇಡಿ. ಮ್ಯಾಪ್ ಮುಚ್ಚಿ, ಹೊಸ ಹಾಳೆಯಲ್ಲಿ ಮತ್ತೆ ಮೊದಲಿನಿಂದ ಬರೆಯಿರಿ. ನಕಲು ಮಾಡಿದ ನಕ್ಷೆ ಕೈಯಲ್ಲಿ ಉಳಿಯುತ್ತದೆ, ತಲೆಯಲ್ಲಿ ಉಳಿಯುವುದಿಲ್ಲ.

ಹೆಜ್ಜೆ 2: ನಿಂತ ಜಾಗದಲ್ಲಿ ದಿಕ್ಕು ಹಿಡಿಯಿರಿ

ಕಾರವಾರದಲ್ಲಿ ಇದು ಸುಲಭ. ಊರಿನ ಪಶ್ಚಿಮಕ್ಕೆ ಸಮುದ್ರ, ಉತ್ತರಕ್ಕೆ ಕಾಳಿ, ಪೂರ್ವಕ್ಕೆ ಗುಡ್ಡೆಹಳ್ಳಿ ಗುಡ್ಡ. ದಂಡೆಯ ಉತ್ತರ ತುದಿಗೆ ಕೋಡಿಬಾಗ, ದಕ್ಷಿಣ ತುದಿಗೆ ಬೈತಖೋಲ ಬಂದರು. ರೈಲು ನಿಲ್ದಾಣ ಒಳಗೆ, ಪೂರ್ವಕ್ಕೆ, ಶಿರವಾಡದಲ್ಲಿ. ಯಾವ ಓಣಿಯಲ್ಲಿದ್ದರೂ ಗುಡ್ಡ ಇಣುಕುತ್ತದೆ. ಗುಡ್ಡ ಬೆನ್ನಿಗಿದ್ದರೆ ಎದುರಿಗೆ ಸಮುದ್ರ, ಬಲಕ್ಕೆ ಗೋವಾ, ಎಡಕ್ಕೆ ಅಂಕೋಲಾ. ಮುಗಿಯಿತು.

ಶಿರಸಿಯಲ್ಲಿ ಅಷ್ಟು ಸುಲಭ ಇಲ್ಲ. ಸಮುದ್ರ ಕಾಣುವುದಿಲ್ಲ, ಏರಿಳಿತ ಎಲ್ಲ ಕಡೆಗೂ ಇದೆ, ರಸ್ತೆಗಳು ಸುತ್ತ ಚದುರುತ್ತವೆ. ಇಲ್ಲಿ ರಸ್ತೆ ಹೋಗಿ ಸೇರುವ ಊರನ್ನೇ ದಿಕ್ಕು ಮಾಡಿಕೊಳ್ಳಿ. ಯಲ್ಲಾಪುರ ಉತ್ತರ-ವಾಯವ್ಯಕ್ಕೆ, ಹುಬ್ಬಳ್ಳಿ ಉತ್ತರ-ಈಶಾನ್ಯಕ್ಕೆ, ಬನವಾಸಿ ಪೂರ್ವ-ಆಗ್ನೇಯಕ್ಕೆ, ಸಿದ್ದಾಪುರ ದಕ್ಷಿಣಕ್ಕೆ, ಕುಮಟಾ ಪಶ್ಚಿಮ-ನೈಋತ್ಯಕ್ಕೆ. ಒಂದು ಎಚ್ಚರ: ಪೇಟೆಯೊಳಗೆ ರಸ್ತೆ ಹೊರಡುವ ದಿಕ್ಕು ಬೇರೆ ಇರಬಹುದು, ಊರು ಇರುವ ದಿಕ್ಕು ಬೇರೆ ಇರಬಹುದು. ಕೈ ತೋರಿಸುವಾಗ ಊರಿಗೆ ತೋರಿಸಿ, ರಸ್ತೆಗಲ್ಲ.

ಸೂರ್ಯನ ವಿಷಯ ಎಲ್ಲರಿಗೂ ಗೊತ್ತು ಅಂದುಕೊಂಡಿರುತ್ತೇವೆ, ಆದರೆ ನಮ್ಮ ಅಕ್ಷಾಂಶದಲ್ಲಿ ಒಂದು ಕೊಂಕು ಇದೆ. 'ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ' ಎಂಬ ಮಾತು ಇಲ್ಲಿ ವರ್ಷಪೂರ್ತಿ ನಿಜವಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವರೆಗೆ ನಡು ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಮುಳುಗುವ ಜಾಗವೂ ಅಷ್ಟೇ. ಜೂನ್‌ನಲ್ಲಿ ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೆ. ಧ್ರುವ ನಕ್ಷತ್ರ ಇಲ್ಲಿ ದಿಗಂತದಿಂದ 15 ಡಿಗ್ರಿಯೂ ಎತ್ತರದಲ್ಲಿಲ್ಲ. ಶಿರಸಿ ಕಡೆ ಅದನ್ನು ಮರಗಳೇ ಮುಚ್ಚಿಬಿಡುತ್ತವೆ.

ಅಡಿಕೆ ತೋಟದಲ್ಲಿ ಇದಕ್ಕಿಂತ ಒಳ್ಳೆಯ ಗುರುತು ಇದೆ. ಸಂಜೆ ಬಿಸಿಲು ನೈಋತ್ಯದಿಂದ ಬಡಿದು ಮರದ ಕಾಂಡ ಸುಡುತ್ತದೆ. ಅದಕ್ಕೇ ತೋಟದ ಅಂಚಿನ ಮರಗಳಿಗೆ ಆ ಬದಿಯಲ್ಲಿ ಸೋಗೆ ಕಟ್ಟುತ್ತಾರೆ ಅಥವಾ ಸುಣ್ಣ ಬಳಿಯುತ್ತಾರೆ. ಸೋಗೆ ಕಟ್ಟಿದ ಬದಿ ನೋಡಿದರೆ ದಿಕ್ಕು ಸಿಕ್ಕಿತು. ಮರದ ಪಾಚಿ ನೋಡಿ ಉತ್ತರ ಹುಡುಕಿ ಎನ್ನುವ ಹೊರಗಿನವರ ಸಲಹೆ ಮಾತ್ರ ನಂಬಬೇಡಿ. ಜುಲೈಯಲ್ಲಿ ನಮ್ಮ ಮರಗಳಿಗೆ ಸುತ್ತಲೂ ಪಾಚಿ.

ಮಳೆಗಾಲದಲ್ಲಿ ಕಾಡಿನೊಳಗೆ ಹೋಗುವವರಿಗೆ ಒಂದು ವಿಷಯ. ಮೋಡ ಮುಸುಕಿದಾಗ, ದೂರದ ಗುರುತು ಯಾವುದೂ ಕಾಣದಾಗ, ಮನುಷ್ಯ ನೇರ ನಡೆಯಲಾರ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜರ್ಮನಿಯ ಕಾಡಿನಲ್ಲೂ ಸಹಾರಾದಲ್ಲೂ ಜನರನ್ನು 'ನೇರ ನಡೆಯಿರಿ' ಎಂದು ಬಿಟ್ಟರು. ಬಿಸಿಲಿದ್ದಾಗ ನಡೆದವರು ಸುಮಾರಾಗಿ ನೇರ ಹೋದರು. ಮೋಡದ ದಿನ ಕಾಡಿನಲ್ಲಿ ನಡೆದವರು ಸುತ್ತು ಹೊಡೆದು ತಾವೇ ನಡೆದ ದಾರಿಯನ್ನು ದಾಟಿದರು, ಅದು ಅವರಿಗೆ ತಿಳಿಯಲೂ ಇಲ್ಲ. ಹಾಗಾಗಿ ಸೊಪ್ಪಿನ ಬೆಟ್ಟದಲ್ಲಿ ದಾರಿ ತಪ್ಪಿದರೆ 'ನೇರ ಹೋದರೆ ಎಲ್ಲಾದರೂ ಸಿಗುತ್ತದೆ' ಎಂದು ಹೊರಡಬೇಡಿ. ನಿಲ್ಲಿ, ಕೂಗು ಹಾಕಿ, ಬಂದ ದಾರಿಯ ಕೊನೆಯ ಗುರುತಿಗೆ ವಾಪಸ್ ಹೋಗಿ. ಅದೂ ಸಿಗದಿದ್ದರೆ ಸಿಕ್ಕಿದ ಕಾಲುದಾರಿ ಬಿಡದೆ ಹಿಡಿಯಿರಿ. ತುಂಬಿದ ಹಳ್ಳದ ಅಂಚಿಗೆ ಮಾತ್ರ ಇಳಿಯಬೇಡಿ.

ಹೆಜ್ಜೆ 3: ಗುರುತು ಆರಿಸಿ, ಆದರೆ ಸೋಸಿ ಆರಿಸಿ

ದಾರಿಯಲ್ಲಿ ಕಾಣುವುದೆಲ್ಲ ಗುರುತಲ್ಲ. ನೆನಪಿಡಬೇಕಾದದ್ದು ತಿರುಗುವ ಜಾಗದಲ್ಲಿ ಇರುವುದನ್ನು. ಇದಕ್ಕೆ ಮೆದುಳಿನ ಬೆಂಬಲವೂ ಇದೆ. ಗಣಕದಲ್ಲಿ ಕಟ್ಟಿದ ಒಂದು ವಸ್ತುಸಂಗ್ರಹಾಲಯದೊಳಗೆ ಜನರನ್ನು ಓಡಾಡಿಸಿ, ಅಲ್ಲಿದ್ದ ವಸ್ತುಗಳನ್ನು ಆಮೇಲೆ ತೋರಿಸಿ ನೋಡಿದ ಪ್ರಯೋಗ 2004ರಲ್ಲಿ ಪ್ರಕಟವಾಯಿತು. ತಿರುವಿನಲ್ಲಿದ್ದ ವಸ್ತುಗಳಿಗೆ ಮೆದುಳು ಬೇರೆಯೇ ಗುರುತು ಹಾಕಿಕೊಂಡಿತ್ತು. ಹಾಗಾಗಿ ಕ್ರಾಸ್, ನಾಕಾ, ಸಂಕ, ರಸ್ತೆ ಕವಲೊಡೆಯುವ ಜಾಗ, ಇವುಗಳಲ್ಲಿ ಒಂದು ಕ್ಷಣ ನಿಂತು ನೋಡಿ. ಉಳಿದ ಕಡೆ ಆರಾಮಾಗಿ ಹೋಗಿ.

ಒಳ್ಳೆಯ ಗುರುತು ಎಂದರೆ ಎರಡೂ ಕಡೆಯಿಂದ ಕಾಣಬೇಕು, ರಾತ್ರಿಯೂ ಕಾಣಬೇಕು, ಮಳೆಗಾಲದಲ್ಲೂ ಇರಬೇಕು, ಅದರ ಹಾಗೆ ಇನ್ನೊಂದು ಹತ್ತಿರದಲ್ಲಿ ಇರಬಾರದು. ಅಶ್ವತ್ಥ ಕಟ್ಟೆ, ಹಳೆಯ ಶಾಲೆ, ಕಲ್ಲಿನ ಸೇತುವೆ, ದೇವಸ್ಥಾನ, ರೇಲ್ವೆ ಗೇಟು ಇವು ಪಾಸು. ಬಣ್ಣದ ಮನೆ ಬೇಡ, ಮುಂದಿನ ಚೌತಿಗೆ ಬಣ್ಣ ಬದಲಾಗುತ್ತದೆ. ಮೊಬೈಲ್ ಟವರ್ ಬೇಡ, ಎಲ್ಲವೂ ಒಂದೇ ಥರ. ಅಡಿಕೆ ತೋಟ ಅಂತೂ ಬೇಡವೇ ಬೇಡ. ಹೊಸಬರಿಗೆ ಶಿರಸಿ ಸೀಮೆಯ ತೋಟಗಳೆಲ್ಲ ಒಂದೇ ತೋಟದ ಹಾಗೆ ಕಾಣುತ್ತವೆ. ಅದೇ ಉಣುಗೋಲು, ಅದೇ ಧರೆ, ಅದೇ ಅಂಗಳ.

ಹಬ್ಬ ಜಾತ್ರೆಗಳಲ್ಲಿ ಜಾಗದ ಮುಖವೇ ಬದಲಾಗುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಬಿಡ್ಕಿಬೈಲಿನಲ್ಲಿ ಗದ್ದುಗೆ, ಚಪ್ಪರ, ಅಂಗಡಿ ಸಾಲು ಏಳುತ್ತವೆ. ಆ ಎಂಟು ಹತ್ತು ದಿನ ಮಾತ್ರ ಶಿರಸಿ ನೋಡಿದವರು ಬೇರೆ ಸಮಯದಲ್ಲಿ ಬಂದರೆ ಗುರುತೇ ಸಿಗದೆ ನಿಲ್ಲುತ್ತಾರೆ.

ಗಟ್ಟಿ ಗುರುತು ಎಂದುಕೊಂಡದ್ದೂ ಹೋಗಬಹುದು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಒಂದು ತುಂಡಿನ ಚಹರೆಯೇ ಬದಲಾಯಿತು, ಜೀವಗಳೂ ಹೋದವು. ಅದೇ ಆಗಸ್ಟ್ 7ರಂದು ಕಾರವಾರದ ಹಳೆಯ ಕಾಳಿ ಸೇತುವೆ ಮುರಿದು ಬಿತ್ತು. ಹಾಗಾಗಿ ಒಂದು ತಿರುವಿಗೆ ಒಂದೇ ಗುರುತು ಸಾಲದು. ಮನುಷ್ಯ ಕಟ್ಟಿದ್ದು ಒಂದು, ನೆಲದ್ದು ಒಂದು ಇಟ್ಟುಕೊಳ್ಳಿ: 'ಶಾಲೆ, ಮತ್ತು ಇಳಿಜಾರು ಮುಗಿಯುವ ಜಾಗ'.

ಹೆಜ್ಜೆ 4: ದಾರಿಯನ್ನು ಬಾಯಲ್ಲಿ ಹೇಳಿ

ಲಂಡನ್ನಿನ ಕಪ್ಪು ಟ್ಯಾಕ್ಸಿ ಚಾಲಕರು ಪರವಾನಗಿಗೆ ಚೇರಿಂಗ್ ಕ್ರಾಸ್ ಸುತ್ತ ಆರು ಮೈಲಿಯೊಳಗಿನ ಸುಮಾರು 25,000 ಬೀದಿಗಳನ್ನು ಕಲಿಯಬೇಕು. ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಪರೀಕ್ಷೆ ಬಾಯಿಮಾತಿನದು: ಎರಡು ಜಾಗ ಹೇಳುತ್ತಾರೆ, ನಡುವಿನ ಎಲ್ಲ ಬೀದಿ ಮತ್ತು ತಿರುವುಗಳನ್ನು ಒಪ್ಪಿಸಬೇಕು. ತಯಾರಿಗೆ ಇಬ್ಬಿಬ್ಬರು ಎದುರು ಕೂತು ಒಬ್ಬರಿಗೊಬ್ಬರು ದಾರಿ ಹೇಳಿಕೊಳ್ಳುತ್ತಾರೆ. 2000ದಲ್ಲಿ ಎಲಿನಾರ್ ಮಗ್ವಾಯರ್ ತಂಡ ಇಂಥ ಚಾಲಕರ ಮೆದುಳಿನ ಚಿತ್ರ ತೆಗೆದಾಗ ಹಿಪೊಕ್ಯಾಂಪಸ್‌ನ ಹಿಂಭಾಗ ಉಳಿದವರಿಗಿಂತ ದೊಡ್ಡದಿತ್ತು. ಹುಟ್ಟಿನಿಂದ ಹಾಗಿದ್ದವರೇ ಚಾಲಕರಾದರೇ ಎಂಬ ಅನುಮಾನ ಉಳಿದಿತ್ತು. 2011ರಲ್ಲಿ ಕಲಿಯುವವರನ್ನೇ ಶುರುವಿನಿಂದ ಹಿಂಬಾಲಿಸಿ ನೋಡಿದರು. ಪಾಸಾದವರಲ್ಲಿ ಆ ಭಾಗ ಬೆಳೆದಿತ್ತು, ಫೇಲಾದವರಲ್ಲಿ ಬೆಳೆದಿರಲಿಲ್ಲ.

ನಮಗೆ ಅಷ್ಟೆಲ್ಲ ಬೇಡ. ರಾತ್ರಿ ಊಟವಾದ ಮೇಲೆ ಆ ದಿನ ಹೋದ ಒಂದು ದಾರಿಯನ್ನು ಮನೆಯವರಿಗೆ ಹೇಳಿ. 'ಹೊಸ ಬಸ್ ಸ್ಟ್ಯಾಂಡಿನಿಂದ ಹೊರಟೆ, ಇಂಥ ಕಡೆ ಎಡಕ್ಕೆ, ದೇವಿಕೆರೆ ಬಲಕ್ಕೆ ಬಿಟ್ಟು...' ಎಲ್ಲಿ ತಡವರಿಸುತ್ತೀರೋ ಅಲ್ಲಿ ನಕ್ಷೆ ಹರಿದಿದೆ ಎಂದು ಅರ್ಥ. ನಾಳೆ ಅದೇ ತಿರುವಿನಲ್ಲಿ ಕಣ್ಣಿಡಿ.

ಆಮೇಲೆ ಅದೇ ದಾರಿಯನ್ನು ಉಲ್ಟಾ ಹೇಳಿ. ಜಾಸ್ತಿ ಜನ ಸೋಲುವುದು ಇಲ್ಲೇ. ಹೋಗುವಾಗ ಕಂಡ ಮರದ ಮುಖ ಬೇರೆ, ಬರುವಾಗ ಕಾಣುವ ಮುಖ ಬೇರೆ. ಹೋಗುವಾಗ ಎರಡು ದಾರಿ ಸೇರಿ ಒಂದಾದ ಜಾಗ, ಬರುವಾಗ ಕವಲೊಡೆಯುವ ಜಾಗ. ಮದ್ದು ಸುಲಭ: ಪ್ರತಿ ತಿರುವು ದಾಟಿದ ಮೇಲೆ ಒಮ್ಮೆ ಹಿಂದಿರುಗಿ ನೋಡಿ. ಬೈಕಿನಲ್ಲಿದ್ದರೆ ನಿಲ್ಲಿಸಿ ನೋಡಿ, ಕನ್ನಡಿಯಲ್ಲಿ ನೋಡಿದರೆ ಎಡಬಲ ಅದಲುಬದಲು.

ಹೆಜ್ಜೆ 5: ಮನಸ್ಸಿನ ತಕ್ಕಡಿ ಎಲ್ಲೆಲ್ಲಿ ವಾಲುತ್ತದೆ ಎಂದು ತಿಳಿಯಿರಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ರುಚಿಯಾದ ಭಾಗ ಇದು. ನೆನಪು ಹೇಗೆಂದರೆ ಹಾಗೆ ತಪ್ಪುವುದಿಲ್ಲ, ಒಂದು ಕ್ರಮದಲ್ಲಿ ತಪ್ಪುತ್ತದೆ. ಆ ಕ್ರಮ ಗೊತ್ತಿದ್ದರೆ ತಪ್ಪನ್ನು ತೂಗಿ ಕಳೆಯಬಹುದು. ಊರನ್ನು ಪ್ರದೇಶದ ಜೊತೆ ಸೇರಿಸುವುದು, ಓರೆಯನ್ನು ನೆಟ್ಟಗೆ ಮಾಡುವುದು, ಇವೆರಡನ್ನು ಮೇಲೆ ನೋಡಿದೆವು. ಇನ್ನೂ ಇವೆ.

ಮನಸ್ಸು ರಸ್ತೆಗಳನ್ನು ಲಂಬಕೋನಕ್ಕೆ ತರುತ್ತದೆ. 1979ರ ಒಂದು ಅಧ್ಯಯನದಲ್ಲಿ ಊರಿನವರಿಗೆ ತಮಗೆ ಚೆನ್ನಾಗಿ ಗೊತ್ತಿದ್ದ ಕ್ರಾಸ್‌ಗಳನ್ನು ಬರೆಯಲು ಹೇಳಿದರು. ನಿಜಕ್ಕೂ 60–70 ಡಿಗ್ರಿ ಇದ್ದದ್ದನ್ನೂ 110–120 ಇದ್ದದ್ದನ್ನೂ ಅವರು 90ರ ಹತ್ತಿರಕ್ಕೆ ಬರೆದರು. ಐದು ರಸ್ತೆ ಸರ್ಕಲ್ ಇದಕ್ಕೆ ಒಳ್ಳೆಯ ಪಾಠಶಾಲೆ. ಐದು ರಸ್ತೆ ಒಂದು ಸುತ್ತಿನಲ್ಲಿ ಹೊರಡಬೇಕಾದರೆ ಸರಾಸರಿ ಕೋನ 72 ಡಿಗ್ರಿ. ಎಲ್ಲವೂ ಲಂಬ ಆಗಲು ಸಾಧ್ಯವೇ ಇಲ್ಲ. ಆದರೂ ಯಾರಿಗಾದರೂ ಬರೆಯಲು ಹೇಳಿ ನೋಡಿ. ನಾಲ್ಕು ರಸ್ತೆ ಕೂಡು ಗುರುತಿನ ಹಾಗೆ ಬಂದು, ಐದನೆಯದು ಒಂದು ಮೂಲೆಯಲ್ಲಿ ತುರುಕಿದ ಹಾಗೆ ಬರುತ್ತದೋ ಇಲ್ಲವೋ. ಲಂಬ ಎಂದುಕೊಂಡು ಹೊರಟ ಮೇಲೆ ಎರಡು ಮೂರು ತಿರುವಿನಲ್ಲೇ ದಿಕ್ಕು ಪೂರ್ತಿ ಹಾಳು.

ತಿರುವು ಜಾಸ್ತಿ ಇದ್ದಷ್ಟೂ ದಾರಿ ಉದ್ದ ಅನಿಸುತ್ತದೆ. ಇದನ್ನು 1980ರಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ: ಒಂದೇ ಉದ್ದದ ಎರಡು ದಾರಿಗಳಲ್ಲಿ ತಿರುವು ಹೆಚ್ಚಿದ್ದದ್ದು ಉದ್ದ ಎಂದು ನಡೆದವರು ಹೇಳಿದರು. ಕಾರವಾರದಿಂದ ಶಿರಸಿಗೆ ರಸ್ತೆಯಲ್ಲಿ ಸುಮಾರು 120 ಕಿ.ಮೀ. ಹಕ್ಕಿ ಹಾರಿದ ಹಾಗೆ ಲೆಕ್ಕ ಹಾಕಿದರೆ ಸುಮಾರು 80. ಘಟ್ಟದ ತಿರುವು ನೆನಪಾಗಿ ನಮಗೆ ಅದು ಲೋಕದ ಆಚೆ ಅನಿಸುತ್ತದೆ. ಹಾಗಾಗಿ ಘಟ್ಟದ ದಾರಿಯ ದೂರವನ್ನು ಊಹಿಸುವಾಗ ಕಡಿಮೆ ಮಾಡಿ, ಹೆದ್ದಾರಿಯ ದೂರವನ್ನು ಊಹಿಸುವಾಗ ಸ್ವಲ್ಪ ಹೆಚ್ಚು ಮಾಡಿ. ಸಮಯದ ಮಾತು ಬೇರೆ. ದೇವಿಮನೆಯಲ್ಲಿ ಮಂಜು ಕವಿದರೆ ಕಿಲೋಮೀಟರಿನ ಲೆಕ್ಕ ನಡೆಯುವುದಿಲ್ಲ.

ನಡುವೆ ಅಡ್ಡ ಬಂದರೆ ದೂರ ಹಿಗ್ಗುತ್ತದೆ. ಅಘನಾಶಿನಿ ಊರು ಹೊಳೆಯ ದಕ್ಷಿಣ ದಂಡೆಗೆ, ತದಡಿ ಉತ್ತರ ದಂಡೆಗೆ. ಎದುರುಬದುರು. ತಾರಿಯಲ್ಲಿ ದಾಟಿದವರಿಗೆ ಅದು ಪಕ್ಕದ ಕೇರಿ. ಕಾರಿನಲ್ಲಿ ಕುಮಟಾ, ಮಿರ್ಜಾನ ಸುತ್ತಿ ಬಂದವರಿಗೆ ಬೇರೆ ಸೀಮೆ. ಎರಡೂ ನೆನಪು ಅವರವರ ಮಟ್ಟಿಗೆ ಸರಿ. ನಿಮ್ಮ ನಕ್ಷೆಯಲ್ಲಿ ಎರಡನ್ನೂ ಬರೆಯಿರಿ: ನೇರ ದೂರ ಚುಕ್ಕಿ ಗೆರೆಯಲ್ಲಿ, ರಸ್ತೆ ದೂರ ಗಟ್ಟಿ ಗೆರೆಯಲ್ಲಿ.

ಹೆಜ್ಜೆ 6: ಬೆರಳು ತೋರಿಸಿ, ಒಳದಾರಿ ಊಹಿಸಿ

ಬಿಡಿ ದಾರಿಗಳು ಸೇರಿ ನಕ್ಷೆಯಾಗುವುದು ಇಲ್ಲಿ. ದಿನಕ್ಕೆ ಒಮ್ಮೆ, ಎಲ್ಲಿದ್ದೀರೋ ಅಲ್ಲಿಂದ ಕಾಣದ ಮೂರು ಜಾಗಗಳಿಗೆ ಬೆರಳು ತೋರಿಸಿ. ಮನೆ, ಆಫೀಸು, ಒಂದು ದೂರದ ಊರು. ಆಮೇಲೆ ಮೊಬೈಲ್ ತೆಗೆದು ತಾಳೆ ನೋಡಿ. ಮೊಬೈಲ್ ಮ್ಯಾಪಿನಲ್ಲಿ ಉತ್ತರ ಯಾವಾಗಲೂ ಮೇಲಿರುವಂತೆ ಇಟ್ಟುಕೊಳ್ಳಿ. ನೀವು ತಿರುಗಿದ ಹಾಗೆ ಮ್ಯಾಪೂ ತಿರುಗುತ್ತಿದ್ದರೆ ದಾರಿ ಸಿಗುತ್ತದೆ, ಊರು ಸಿಗುವುದಿಲ್ಲ.

ಎರಡು ದಾರಿ ಗೊತ್ತಾದ ಮೇಲೆ ನಡುವಿನ ಮೂರನೆಯದನ್ನು ಊಹಿಸಿ. 'ಈ ಓಣಿ ಹಿಡಿದರೆ ಯಲ್ಲಾಪುರ ನಾಕಾದ ಹತ್ತಿರ ಬರಬೇಕು' ಎಂದು ಗಟ್ಟಿಯಾಗಿ ಹೇಳಿ, ಹೋಗಿ ನೋಡಿ. ತಪ್ಪಿದರೆ ಇನ್ನೂ ಒಳ್ಳೆಯದು, ಎಷ್ಟು ಮತ್ತು ಯಾವ ಕಡೆಗೆ ತಪ್ಪಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಾಲ್ಕಾರು ಸಲ ಬರೆದರೆ ನಿಮ್ಮ ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ಗೊತ್ತಾಗುತ್ತದೆ.

ನಡೆದು ಕಲಿಯುವುದು ಒಳ್ಳೆಯದೋ ನಕ್ಷೆ ನೋಡಿ ಕಲಿಯುವುದು ಒಳ್ಳೆಯದೋ ಎಂದು ಕೇಳುವವರಿದ್ದಾರೆ. 1982ರಲ್ಲಿ ಒಂದು ದೊಡ್ಡ ಕಚೇರಿ ಕಟ್ಟಡದಲ್ಲಿ ಇದನ್ನು ಪರೀಕ್ಷಿಸಿದರು. ನಕ್ಷೆ ಓದಿದವರು ನೇರ ದೂರ ಚೆನ್ನಾಗಿ ಹೇಳಿದರು. ಅಲ್ಲೇ ಕೆಲಸ ಮಾಡುತ್ತ ಓಡಾಡಿದವರು ದಿಕ್ಕನ್ನೂ ನಡೆಯುವ ದೂರವನ್ನೂ ಚೆನ್ನಾಗಿ ಹೇಳಿದರು. ಎರಡೂ ಬೇಕು. ಬರೀ ಜಿಪಿಎಸ್ ಹಿಡಿದು ನಡೆದರೆ ಎರಡೂ ಸಿಗುವುದಿಲ್ಲ. 2008ರಲ್ಲಿ ಜಪಾನಿನ ಅಧ್ಯಯನವೊಂದರಲ್ಲಿ ಜಿಪಿಎಸ್ ಹಿಡಿದವರು ಹೆಚ್ಚು ದೂರ ನಡೆದರು, ಹೆಚ್ಚು ಸಲ ನಿಂತರು, ಆಮೇಲೆ ಬರೆದ ನಕ್ಷೆಯೂ ಕಳಪೆಯಾಗಿತ್ತು.

ಹೆಜ್ಜೆ 7: ಕೇಳುವುದು, ಹೇಳುವುದು

ಹಳ್ಳಿಯಲ್ಲಿ ದಾರಿ ಕೇಳುವುದೂ ಒಂದು ವಿದ್ಯೆ.

'ಅಜ್ಜಾ, ಹೆಗಡೇರ ಮನೆ ಎಲ್ಲಿ?'

'ಯಾವ ಹೆಗಡೇರು ತಮಾ? ಈ ಕೇರಿ ಪೂರ್ತಿ ಹೆಗಡೇರೇ.'

ಹೆಸರು ಹಿಡಿದು ಕೇಳಿದರೆ ಹೀಗೇ. ಮನೆಯ ಹೆಸರು ಕೇಳಿಕೊಂಡು ಹೋಗಿ: ಮೇಲಿನಮನೆಯೋ, ಕೆಳಗಿನಮನೆಯೋ, ಮೂಲೆಮನೆಯೋ. ಆ ಹೆಸರಿನಲ್ಲೇ ಅರ್ಧ ದಾರಿ ಇರುತ್ತದೆ. 'ಇಲ್ಲೇ ಹತ್ರ' ಎಂದರೆ ನಡೆದು ಹೋಗುವವರ ಹತ್ರವೋ ಬೈಕಿನವರ ಹತ್ರವೋ ಎಂದು ಕೇಳಿ. 'ನೇರ ಹೋಗಿ' ಎಂದರೆ ಘಟ್ಟದ ಮೇಲೆ ಅರ್ಥ ಇಷ್ಟೇ: ದಾರಿ ಎಷ್ಟೇ ಸುತ್ತಿದರೂ ಕವಲು ಹಿಡಿಯಬೇಡಿ.

ನೀವು ಹೇಳುವಾಗ ಮೂರು ಮಾತು ಸಾಕು. ಎಲ್ಲಿ ತಿರುಗಬೇಕು, ಅಲ್ಲಿ ಏನು ಕಾಣುತ್ತದೆ, ಮತ್ತು ದಾಟಿ ಹೋದರೆ ಏನು ಸಿಗುತ್ತದೆ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. 'ಸೇತುವೆ ಸಿಕ್ಕಿದರೆ ಮುಂದೆ ಹೋಗಿದ್ದೀರಿ ಎಂದರ್ಥ, ವಾಪಸ್ ಬನ್ನಿ' ಎಂಬ ಒಂದು ಮಾತು ಹತ್ತು ಎಡಬಲಕ್ಕೆ ಸಮ.

ವಯಸ್ಸಾದವರ ಬಗ್ಗೆ ಒಂದು ಮಾತು

ಹೊಸ ಊರಿನಲ್ಲಿ ದಾರಿ ತಪ್ಪುವುದು ದೊಡ್ಡ ವಿಷಯವಲ್ಲ. ಆದರೆ ನಲವತ್ತು ವರ್ಷ ಓಡಾಡಿದ ಪೇಟೆಯಲ್ಲಿ ಅಪ್ಪನೋ ಅಮ್ಮನೋ ಮನೆಯ ತಿರುವು ತಪ್ಪತೊಡಗಿದರೆ 'ವಯಸ್ಸಾಯ್ತು' ಎಂದು ಬಿಡಬೇಡಿ. ಅಲ್ಝೈಮರ್ ಕಾಯಿಲೆ ಮೊದಲು ಕೈ ಹಾಕುವ ಭಾಗಗಳಲ್ಲಿ ಮೋಸರ್ ತಂಡ ಕೋಶಗಳನ್ನು ಕಂಡ ಅದೇ ಭಾಗ ಸೇರಿದೆ. ವೈದ್ಯರಿಗೆ ತೋರಿಸಿ.

ತಿಂಗಳ ಕೊನೆಯ ಪರೀಕ್ಷೆ

ಒಂದು ತಿಂಗಳಾದ ಮೇಲೆ ಖಾಲಿ ಹಾಳೆ ತೆಗೆದು ಜಿಲ್ಲೆಯನ್ನೂ ನಿಮ್ಮ ಪೇಟೆಯನ್ನೂ ಮತ್ತೆ ಬರೆಯಿರಿ. ಮೊದಲ ದಿನದ ಹಾಳೆಯ ಪಕ್ಕ ಇಟ್ಟು ನೋಡಿ. ಆಮೇಲೆ ಈ ಪ್ರಶ್ನೆಗಳಿಗೆ ಮ್ಯಾಪ್ ನೋಡದೆ ಉತ್ತರ ಬರೆಯಿರಿ.

ಜೋಯಿಡಾ ಘಟ್ಟದ ಮೇಲಿದೆ, ಭಟ್ಕಳ ಸಮುದ್ರದ ಹತ್ತಿರ ಇದೆ. ಹೆಚ್ಚು ಪೂರ್ವಕ್ಕಿರುವುದು ಯಾವುದು? ಕುಮಟಾದಿಂದ ಹೊನ್ನಾವರಕ್ಕೆ ಹೋಗುವಾಗ ಅಘನಾಶಿನಿ ದಾಟುತ್ತೇವೆಯೇ? ಶಿರಸಿಯಿಂದ ಕಾರವಾರ ಪಶ್ಚಿಮಕ್ಕೆ ಸರಿ, ಉತ್ತರಕ್ಕೆ ವಾಲಿದೆಯೋ ದಕ್ಷಿಣಕ್ಕೋ?

ಉತ್ತರಗಳು: ಭಟ್ಕಳ. ಇಲ್ಲ. ಉತ್ತರಕ್ಕೆ, ಸುಮಾರು 15 ಡಿಗ್ರಿ.